ನಾಯಿಗೆ ಪಾಠ: ಶಿಕ್ಷಣವೋ, ಶಿಕ್ಷೆಯೋ?

ಮಲ್ಕಾಜ್‌ಗಿರಿಯ ಆನಂದಬಾಗ್ ಭಾಗದಲ್ಲಿ ವಾಸವಾಗಿರುವ ನಮ್ಮ ವಾಚಕರೊಬ್ಬರು ಎರಡು ತಿಂಗಳ ಹಿಂದೆ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದರು. ಅವರು ಬೀದರ ಜಿಲ್ಲೆಯ ಕಡೆಯವರು. ಇಲ್ಲಿ ಸರಕು ಸಾಗಾಣಿಕೆಯ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಬಳದ ತಕರಾರೋ, ಮಕ್ಕಳ ಕನ್ನಡ ಪಾಠದ ಚಿಂತೆಯೋ ಇರಬಹುದೆಂದು ಲಕೋಟೆ ಒಡೆದು ನೋಡಿದರೆ, ಮೂರು ಪುಟದ ತುಂಬ ನಾಯಿಯ ಸಮಾಚಾರವೇ!

ಸಂಗತಿ ಇಷ್ಟು. ಅವರ ಕಚೇರಿಯ ಮೇಲಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಎರಡು ವರ್ಷದ ಲ್ಯಾಬ್ರಡಾರ್ ನಾಯಿಯನ್ನು ಇವರ ಕೈಗೆ ಒಪ್ಪಿಸಿ ಹೋದರು. ಇವರಿಗೆ ಬೇಡವೆನ್ನುವ ಧೈರ್ಯ ಬರಲಿಲ್ಲ. ಮಗಳಿಗಂತೂ ಅದೇ ಪ್ರಾಣವಾಯಿತು. ಆದರೆ ನಾಯಿಗೆ ಯಾವ ನೀತಿನಿಯಮವೂ ತಿಳಿಯದು. ಮನೆಯ ಚಪ್ಪಲಿಗಳೆಲ್ಲ ಅದರ ಹಲ್ಲಿಗೆ ಬಲಿಯಾದವು. ಬಾಗಿಲಿಗೆ ಬಂದವರ ಎದೆಯ ಮೇಲೆ ಮುಂಗಾಲಿಟ್ಟು ನಿಲ್ಲುವುದು ಅದರ ಸ್ವಾಗತಪದ್ಧತಿ. ಒಂದು ರಾತ್ರಿ ಊಟದ ಪೊಟ್ಟಣ ತಂದ ಹುಡುಗನ ಮೇಲೆ ಹಾಗೆಯೇ ನೆಗೆಯಲು, ಅವನು ಮೆಟ್ಟಿಲಿನಿಂದ ಹಿಂದಕ್ಕೆ ಬಿದ್ದು ಮೊಣಕೈ ಕೆತ್ತಿಸಿಕೊಂಡ. ಮರುದಿನವೇ ಮನೆಯ ಯಜಮಾನರು, ನಾಯಿಯಾದರೂ ಹೋಗಬೇಕು, ತಾವಾದರೂ ಹೋಗಬೇಕು, ಎಂದು ಗಡುವು ಕೊಟ್ಟರು. ಇವರು ವಿಚಾರಿಸಲಾಗಿ, ನಾಯಿಗೆ ಪಾಠ ಹೇಳುವವರ ಎರಡು ಜಾಹೀರಾತುಗಳು ಸಿಕ್ಕಿದವು. ಒಬ್ಬರು, ವಿಶೇಷವಾದ ಕುತ್ತಿಗೆಯ ಪಟ್ಟಿಯೊಂದರ ಸಹಾಯದಿಂದ ಹದಿನೈದೇ ದಿನಗಳಲ್ಲಿ ನಾಯಿಯನ್ನು ಹದಕ್ಕೆ ತರುವುದಾಗಿ ಭರವಸೆ ಕೊಡುತ್ತಾರೆ. ಇನ್ನೊಬ್ಬರು, ನಾಯಿಗೆ ಒಂದು ಗದರಿಕೆಯ ಮಾತನ್ನೂ ಆಡಕೂಡದು, ತಿಂಡಿಯ ತುಣುಕಿನಿಂದಲೇ ಸಕಲವೂ ಸಾಧ್ಯ, ಎನ್ನುತ್ತಾರೆ. ಇಬ್ಬರ ಶುಲ್ಕವೂ ಇವರ ಒಂದು ತಿಂಗಳ ಮನೆಬಾಡಿಗೆಗೆ ಸಮೀಪ. “ತಾವು ಹೋಟೆಲು ನಡೆಸಿ ಹತ್ತು ಜನರನ್ನು ಆಳಿದವರು, ಯಾವುದು ಸರಿಯೆಂದು ತಾವೇ ಹೇಳಬೇಕು” ಎಂದು ಅವರು ಪತ್ರವನ್ನು ಮುಗಿಸಿದ್ದರು.

ಆ ಕೊನೆಯ ಮಾತು ನಮಗೆ ಚುಚ್ಚಿತೆಂಬುದನ್ನು ಮರೆಮಾಚುವುದಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಹೋಟೆಲು ಕೆಲಸಗಾರರ ಪತ್ರಿಕೆಯಲ್ಲಿ ಶ್ರೀಮಂತರ ನಾಯಿಯ ವಿಚಾರವೇಕೆ ಎಂದು ಕೆಲವರು ಕೇಳಬಹುದು. ನಾಯಿ ಯಾರದಾದರೂ ಆಗಲಿ, ಅದರ ಎದುರಿಗೆ ಪೊಟ್ಟಣ ಹಿಡಿದು ನಿಲ್ಲುವವನು ನಮ್ಮವನೇ. 2023ರ ಜನವರಿಯಲ್ಲಿ ಇದೇ ಹೈದರಾಬಾದಿನ ಬಂಜಾರಾ ಹಿಲ್ಸ್‌ನ ವಸತಿಗೃಹವೊಂದರಲ್ಲಿ, ಊಟ ತಲುಪಿಸಲು ಹೋದ ಯುವಕನೊಬ್ಬ, ಒಳಗಿನಿಂದ ಎರಗಿ ಬಂದ ಜರ್ಮನ್ ಶೆಫರ್ಡ್ ನಾಯಿಗೆ ಬೆದರಿ ಮೂರನೆಯ ಮಹಡಿಯಿಂದ ಕೆಳಗೆ ಬಿದ್ದು, ಆಸ್ಪತ್ರೆಯಲ್ಲಿ ಕೆಲವು ದಿನ ನರಳಿ ತೀರಿಕೊಂಡ ಸಂಗತಿಯನ್ನು ವಾಚಕರು ಮರೆತಿರಲಾರರು. ಅದೇ ವರ್ಷದ ಮೇ ತಿಂಗಳಿನಲ್ಲಿ ಮಣಿಕೊಂಡದಲ್ಲಿ ಸಾಮಾನು ತಲುಪಿಸುವವನೊಬ್ಬ ಇದೇ ರೀತಿ ನಾಯಿಯ ಭಯದಿಂದ ಮಹಡಿಯಿಂದ ಹಾರಿ ಗಾಯಗೊಂಡ. ಆ ನಾಯಿಗಳು ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ‘ನಿಲ್ಲು’ ಎಂಬ ಒಂದು ಮಾತಿಗೆ ಅವು ನಿಲ್ಲುವಂತಿದ್ದರೆ ಒಬ್ಬ ತಾಯಿಯ ಮಗ ಉಳಿಯುತ್ತಿದ್ದ. ನಾಯಿಯ ಪಾಠವೆಂಬುದು ಕೇವಲ ಷೋಕಿಯ ವಿಷಯವಲ್ಲವೆಂಬುದಕ್ಕೆ ಇಷ್ಟು ಸಾಕು.

ಬೀದಿನಾಯಿಗಳ ಪ್ರಶ್ನೆ ಬೇರೆ. 2023ರ ಫೆಬ್ರವರಿಯಲ್ಲಿ ಅಂಬರಪೇಟೆಯಲ್ಲಿ ನಾಲ್ಕು ವರ್ಷದ ಮಗು ಬೀದಿನಾಯಿಗಳಿಗೆ ಬಲಿಯಾದದ್ದು, 2025ರಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ವಿಚಾರದಲ್ಲಿ ಕೊಟ್ಟ ಆಜ್ಞೆಗಳು, ಇವೆಲ್ಲ ಇನ್ನೊಂದು ಲೇಖನಕ್ಕೆ ಸಲ್ಲತಕ್ಕ ವಸ್ತು. ಇಲ್ಲಿ ನಾವು ಹೇಳಹೊರಟಿರುವುದು ಮನೆಯಲ್ಲಿ ಅನ್ನ ಹಾಕಿ ಸಾಕುವ ನಾಯಿಯ ಮಾತು.

ಪತ್ರಕ್ಕೆ ಕುಳಿತಲ್ಲಿಂದಲೇ ಉತ್ತರ ಕೊಡುವುದು ಸರಿಯಲ್ಲವೆನಿಸಿ, ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ನೇರೆಡ್‌ಮೆಟ್ ಕಡೆಯ ಒಂದು ಮೈದಾನಕ್ಕೆ ಹೋದೆವು. ಅಲ್ಲಿ ವಾರಕ್ಕೆರಡು ದಿನ ನಾಯಿಗಳ ತರಗತಿ ನಡೆಯುತ್ತದೆಂದು ಯಾರೋ ಹೇಳಿದ್ದರು. ಆ ಭಾಗದಲ್ಲಿಯೂ ಪಕ್ಕದ ಸೈನಿಕಪುರಿಯಲ್ಲಿಯೂ ನಿವೃತ್ತ ಸೈನಿಕರ ಮನೆಗಳು ಬಹಳ. ಪಾಠ ಹೇಳುವವರೂ ಸೈನ್ಯದವರೇ. ಮೀರತ್ತಿನಲ್ಲಿರುವ ಸೈನ್ಯದ ಪಶುವೈದ್ಯ ದಳದ ಕೇಂದ್ರದಲ್ಲಿ ಪಳಗಿ, ಅನೇಕ ವರ್ಷ ನಾಯಿಗಳ ಜತೆಯಲ್ಲಿಯೇ ಸೇವೆ ಸಲ್ಲಿಸಿ ಬಂದವರು. ಮಾತನಾಡಿಸಿದ ಮೇಲೆ ತಿಳಿಯಿತು, ವಿಜಯಪುರ ಜಿಲ್ಲೆಯ ಕನ್ನಡಿಗರು! ಹೆಸರು ಬರೆಯಬಾರದೆಂದು ಕೇಳಿಕೊಂಡದ್ದರಿಂದ ಅವರನ್ನು ಇಲ್ಲಿ ಮಾಸ್ತರರೆಂದೇ ಕರೆಯುತ್ತೇವೆ.

ನಾವು ಹೋದಾಗ ಹತ್ತು ಹನ್ನೊಂದು ನಾಯಿಗಳು, ಅಷ್ಟೇ ಮಂದಿ ಮಾಲಕರು ಒಬ್ಬರಿಂದೊಬ್ಬರು ಇಪ್ಪತ್ತು ಅಡಿ ದೂರದಲ್ಲಿ ವೃತ್ತಾಕಾರವಾಗಿ ನಿಂತಿದ್ದರು. ಮೊದಲ ಅರ್ಧ ಗಂಟೆ ಏನೂ ನಡೆಯಲಿಲ್ಲ. ನಿಜವಾಗಿಯೂ ಏನೂ ಇಲ್ಲ, ನಿಂತದ್ದೇ ಪಾಠ. ನಾಯಿ ಇನ್ನೊಂದು ನಾಯಿಯನ್ನು ನೋಡಿ ಬೊಗಳದೆ ಸುಮ್ಮನಿದ್ದರೆ ಮಾಲಕ ಅದರ ಬಾಯಿಗೊಂದು ತುಣುಕು ಹಾಕುತ್ತಾನೆ. ಎಳೆದಾಡಿದರೆ ನಾಲ್ಕು ಹೆಜ್ಜೆ ಹಿಂದಕ್ಕೆ ಕರೆದುಕೊಂಡು ಹೋಗುತ್ತಾನೆ. ದುಡ್ಡು ಕೊಟ್ಟು ಬಂದ ಒಬ್ಬ ತರುಣನಿಗೆ ಬೇಸರವಾಗಿ, ಯಾವಾಗ ಶುರುಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಮಾಸ್ತರರು ಅವನಿಗೆ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: “ನಾಯಿ ಕಲೀಲಿಕ್ಕೆ ಹದಿನೈದು ದಿನ ಸಾಕ್ರಿ. ಮಾಲಕರು ಕಲೀಲಿಕ್ಕೆ ಆರು ತಿಂಗಳ ಬೇಕು.”

ಅನಂತರ ಕುಳ್ಳಿರಿಸುವ ಪಾಠ. ತುಣುಕನ್ನು ನಾಯಿಯ ಮೂಗಿನಿಂದ ತಲೆಯ ಮೇಲಕ್ಕೆ ನಿಧಾನವಾಗಿ ಒಯ್ದರೆ, ಮೂತಿ ಮೇಲೇರುತ್ತಲೇ ಹಿಂಭಾಗ ತಾನಾಗಿಯೇ ನೆಲಕ್ಕೆ ತಗಲುತ್ತದೆ. ತಗಲಿದ ಕ್ಷಣದಲ್ಲಿಯೇ ಶಬ್ದ, ತುಣುಕು. ಬೆನ್ನೊತ್ತಿ ಕೂಡಿಸತಕ್ಕದ್ದಲ್ಲ. ಏಳೆಂಟು ಸಲ ಮಾಡಿದ ಮೇಲೆ ಬರಿಗೈ ತೋರಿದರೂ ಕೂರುತ್ತದೆ. ಇನ್ನೊಂದು ಬಾಗಿಲಿನ ಪಾಠ: ಮೈದಾನದ ಗೇಟನ್ನೇ ಮನೆಯ ಬಾಗಿಲೆಂದು ಭಾವಿಸಿ, ಅಪರಿಚಿತನೊಬ್ಬ ಬಂದು ತಟ್ಟುತ್ತಾನೆ, ನಾಯಿ ಕುಳಿತರೆ ಬಾಗಿಲು ತೆರೆಯುತ್ತದೆ, ಎದ್ದರೆ ಮುಚ್ಚುತ್ತದೆ. ಅಂದು ಆ ಅಪರಿಚಿತನ ಪಾತ್ರ ನಮಗೇ ಬಂತು. ಒಂದು ಕಂದು ಬಣ್ಣದ ಡಾಬರ್‌ಮನ್ ನಮ್ಮ ಮುಂದೆ ಹದಿಮೂರು ಸಲ ಎದ್ದು, ಹದಿನಾಲ್ಕನೆಯ ಸಲ ಕುಳಿತಿತು. ನಾವು ಎಣಿಸಿದ್ದೆವು, ಭಯದಿಂದ ಎಣಿಸಿದ್ದೆವು ಎಂದರೂ ಸರಿಯೇ.

ನಮ್ಮ ವಲಸೆ ಸಂಸಾರಗಳಿಗೆ ಉಪಯೋಗವಾಗತಕ್ಕ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ತರಗತಿಯಲ್ಲಿದ್ದ ನಾಯಿಯೊಂದು ಯಾವ ಮಾತಿಗೂ ಕೂರುತ್ತಿರಲಿಲ್ಲ. ಮಾಸ್ತರರು ವಿಚಾರಿಸಲಾಗಿ, ಮನೆಯಲ್ಲಿ ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ, ಮಕ್ಕಳು ‘ಸಿಟ್’ ಎನ್ನುತ್ತಾರೆ, ಕೆಲಸದಾಕೆ ‘ಕೂರ್ಚೋ’ ಎನ್ನುತ್ತಾಳೆ, ಯಜಮಾನರು ‘ಬೈಠ್’ ಎಂದು ಗದರುತ್ತಾರೆ. ಪಾಪದ ಪ್ರಾಣಿ ನಾಲ್ಕು ಭಾಷೆಗಳ ನಡುವೆ ಸಿಕ್ಕಿ ಯಾವುದನ್ನೂ ಕಲಿಯದೆ ಉಳಿದಿತ್ತು. ಯಾವ ಭಾಷೆಯಾದರೂ ಆದೀತು, ಆದರೆ ಮನೆಮಂದಿಯೆಲ್ಲ ಒಂದೇ ಮಾತನ್ನು ಆಡಬೇಕೆಂದು ಮಾಸ್ತರರ ಕಟ್ಟಪ್ಪಣೆ. ಆ ಮಾತು ಕನ್ನಡದ್ದೇ ಆಗಲೆಂದು ನಾವು ಸೂಚಿಸಿದಾಗ ಎಲ್ಲರೂ ನಕ್ಕರು. ಅಜ್ಜಿ ಮಾತ್ರ ಒಪ್ಪಿದರೆಂದು ಕೇಳಿದೆವು.

ಅಲ್ಲಿ ಒಂದು ಮುಧೋಳ ನಾಯಿಯೂ ಇದ್ದಿತು. ಬಾಗಲಕೋಟೆ ಜಿಲ್ಲೆಯವರೊಬ್ಬರು ಊರಿನಿಂದ ತಂದದ್ದು. ಉಳಿದ ನಾಯಿಗಳು ತುಣುಕಿಗಾಗಿ ಬಾಯಿ ಬಿಡುತ್ತಿದ್ದರೆ, ಇದು ನೀಳವಾದ ಕತ್ತನ್ನೆತ್ತಿ ಮೈದಾನದಾಚೆಯ ರೈಲು ಹಳಿಯ ಕಡೆ ನೋಡುತ್ತ ನಿಂತಿತ್ತು. ಮುಧೋಳ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನಾದರೂ ಓಡಿದರೆ ಅದರ ಕಿವಿ ಕೇಳಿಸುವುದೇ ಇಲ್ಲವೇನೋ ಎನಿಸುತ್ತದೆ. ಆದುದರಿಂದ ಅದಕ್ಕೆ ತಿಂಡಿಗಿಂತ, ಹಗ್ಗದ ತುದಿಗೆ ಕಟ್ಟಿದ ಬಟ್ಟೆಯ ಚೂರನ್ನು ಓಡಿಸಿ ಅಟ್ಟಗೊಡುವುದೇ ಬಹುಮಾನವಾಯಿತು. ಮುಧೋಳದ ಘೋರ್ಪಡೆ ಅರಸರು ಬೆಳೆಸಿದ ಈ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಸೈನ್ಯದವರು ಇದರ ಮರಿಗಳನ್ನು ಮೀರತ್ತಿಗೆ ಒಯ್ದು ಪಳಗಿಸಲಾರಂಭಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವಿದೆ.

ಕನ್ನಡ ನಾಡಿಗೆ ನಾಯಿಯ ಮಾನ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 949–50ರ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ದೊರೆಯು ಬೇಕಾದುದನ್ನು ಕೇಳೆನ್ನಲು, ಹೊನ್ನನ್ನೂ ಊರನ್ನೂ ಕೇಳದೆ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಕ್ಕೂ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ಜನ ನಾವು. ಅದೇ ಜನ ‘ನಾಯಿ’ ಎಂಬುದನ್ನೇ ಬೈಗುಳ ಮಾಡಿಕೊಂಡೆವು.

ಈಗ ಪತ್ರದ ಮುಖ್ಯ ಪ್ರಶ್ನೆಗೆ ಬರೋಣ.

ನಾಯಿಯನ್ನು ಪಳಗಿಸುವ ವಿದ್ಯೆ ಪುಸ್ತಕರೂಪಕ್ಕೆ ಬಂದದ್ದು ಬಹುಮಟ್ಟಿಗೆ ಪೊಲೀಸರಿಂದ ಮತ್ತು ಸೈನ್ಯದಿಂದ. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬಾತ 1910ರಲ್ಲಿ ಬರೆದ ಪುಸ್ತಕವು ಮುಂದಿನವರಿಗೆ ಮಾದರಿಯಾಯಿತು. ಅದರಲ್ಲಿ ಬಹುಮಾನವೂ ಉಂಟು, ಬಲಪ್ರಯೋಗವೂ ಉಂಟು. ಅಮೆರಿಕದ ವಿಲಿಯಂ ಕೋಲರ್ 1962ರಲ್ಲಿ ಪ್ರಕಟಿಸಿದ ಪದ್ಧತಿಯು ಉರುಳು ಸರಪಳಿಯ ಜಗ್ಗುವಿಕೆಯನ್ನೇ ಹೆಚ್ಚಾಗಿ ನಂಬಿತ್ತು. ಇನ್ನೊಂದು ಕಡೆ ರಷ್ಯದ ಪಾವ್ಲೋವ್, ಊಟಕ್ಕೆ ಮುಂಚಿನ ಸಪ್ಪಳವನ್ನು ಕೇಳಿದರೂ ನಾಯಿಯ ಬಾಯಲ್ಲಿ ನೀರೂರುತ್ತದೆಂದು ತೋರಿಸಿದ್ದನು. ಕಾವಲಿಯ ಮೇಲೆ ದೋಸೆಯ ಹಿಟ್ಟು ಚುಂಯೆಂದರೆ ಗಿರಾಕಿಗೂ ಆಗುವುದು ಅದೇ. ಆಮೇಲೆ ಅಮೆರಿಕದ ಸ್ಕಿನ್ನರ್, ಮಾಡಿದ ಕೆಲಸಕ್ಕೆ ಸಿಗುವ ಫಲವೇ ಮುಂದಿನ ನಡತೆಯನ್ನು ತಿದ್ದುತ್ತದೆಂದು ಸಿದ್ಧಪಡಿಸಿದನು. ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕ್ಯಾರೆನ್ ಪ್ರಯರ್ ಎಂಬ ಮಹಿಳೆ 1984ರಲ್ಲಿ ಬರೆದ ಪುಸ್ತಕದಿಂದ ಈ ವಿಚಾರ ಸಾಮಾನ್ಯ ನಾಯಿಸಾಕುವವರಿಗೂ ತಲುಪಿತು. ನೀರಿನಲ್ಲಿರುವ ಡಾಲ್ಫಿನ್‌ಗೆ ಸರಪಳಿ ತೊಡಿಸಿ ಜಗ್ಗುವುದು ಸಾಧ್ಯವಿಲ್ಲವಷ್ಟೆ; ಮೀನು ಕೊಟ್ಟೇ ಕಲಿಸಬೇಕು.

ಹೀಗೆ ಎರಡು ಪಂಗಡಗಳಾದವು. ಇವುಗಳ ನಡುವೆ ನಿಂತು, ಬಹುಮಾನವನ್ನೂ ಕೊಡುತ್ತೇವೆ, ತಪ್ಪಿಗೆ ತಿದ್ದುಪಡಿಯನ್ನೂ ಮಾಡುತ್ತೇವೆ, ಎನ್ನುವವರು ತಮ್ಮದನ್ನು ‘ಸಮತೋಲನದ ಪದ್ಧತಿ’ ಎಂದು ಕರೆದುಕೊಳ್ಳುತ್ತಾರೆ. ಹೆಸರೇನೋ ಸೊಗಸಾಗಿದೆ. ಸಮತೋಲನ ಬೇಡವೆನ್ನುವವರು ಯಾರಿದ್ದಾರೆ? ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿಟ್ಟಿದ್ದಾರೆಂದು ನೋಡಿಯೇ ಒಪ್ಪಬೇಕು. ಕೆಲವರು ಅದರಲ್ಲಿ ಗಟ್ಟಿಯಾದ ‘ಬೇಡ’ ಎಂಬ ಮಾತನ್ನು ಮಾತ್ರ ಇಡುತ್ತಾರೆ. ಕೆಲವರು ಉರುಳು ಸರಪಳಿ, ಒಳಮುಖದ ಮುಳ್ಳುಪಟ್ಟಿ, ಕೈಯಲ್ಲಿ ಗುಂಡಿಯೊತ್ತಿದರೆ ನಾಯಿಯ ಕುತ್ತಿಗೆಗೆ ವಿದ್ಯುತ್ತಿನ ಪೆಟ್ಟು ಕೊಡುವ ಪಟ್ಟಿ, ಇವುಗಳನ್ನೂ ಇಡುತ್ತಾರೆ. ಈ ವಿದ್ಯುತ್ ಪಟ್ಟಿಯನ್ನು ವೇಲ್ಸ್ ದೇಶವು 2010ರಲ್ಲಿಯೇ ನಿಷೇಧಿಸಿತು. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ಬೇರೆಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ಪರೀಕ್ಷಿಸಿದಾಗ, ದಂಡನೆಯ ಪದ್ಧತಿಯಲ್ಲಿ ಕಲಿತವುಗಳಲ್ಲಿ ಬಳಲಿಕೆಯ ಲಕ್ಷಣಗಳು ಹೆಚ್ಚು ಕಂಡವು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ರಸವೂ ಹೆಚ್ಚಿತ್ತು. 2021ರಲ್ಲಿ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘವು, ಕಚ್ಚುವ ಸ್ವಭಾವದ ನಾಯಿಯೂ ಸೇರಿದಂತೆ ಎಲ್ಲ ನಾಯಿಗಳಿಗೂ ಬಹುಮಾನದ ಪದ್ಧತಿಯೇ ತಕ್ಕದ್ದೆಂದು ತೀರ್ಮಾನಿಸಿತು.

ಇಷ್ಟಾದರೂ ಸಮತೋಲನದವರ ವಾದದಲ್ಲಿ ಒಂದಂಶ ಸತ್ಯವಿದೆಯೆಂದು ನಮ್ಮ ಅಭಿಪ್ರಾಯ. ನಾಯಿಗೆ ಎಲ್ಲೆ ಬೇಕು. ಎಲ್ಲವನ್ನೂ ಸಹಿಸುವ ಮನೆಯ ನಾಯಿಯೇ ಮೆಟ್ಟಿಲ ಮೇಲಿನಿಂದ ಹುಡುಗನನ್ನು ಕೆಡವಿದ್ದು. ಈ ಮಾತನ್ನು ಮಾಸ್ತರರ ಮುಂದಿಟ್ಟೆವು. ತಾವೂ ಮೊದಲು ಸರಪಳಿ ಜಗ್ಗಿಯೇ ಕಲಿಸಿದವರೆಂದು ಅವರು ಒಪ್ಪಿಕೊಂಡರು. ಆದರೆ ಬರಬರುತ್ತ, ಜಗ್ಗಿಸಿಕೊಂಡು ಕಲಿತ ನಾಯಿ ಕೆಲಸದ ವೇಳೆ ನೆಲವನ್ನು ಮೂಸುವ ಬದಲು ತಮ್ಮ ಕೈಯನ್ನೇ ನೋಡುತ್ತಿತ್ತಂತೆ. ಮೂಸುವ ನಾಯಿಗೆ ಹುಡುಕಾಟವೇ ಆಟವಾಗಬೇಕು. ಸಿಕ್ಕಾಗ ಚೆಂಡು ಸಿಗಬೇಕು. 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪದ ಅವಶೇಷಗಳಡಿಯಿಂದ ಆರು ವರ್ಷದ ಹುಡುಗಿಯನ್ನು ಪತ್ತೆಮಾಡಲು ನೆರವಾದ ನಮ್ಮ ದೇಶದ ರಕ್ಷಣಾದಳದ ಜೂಲಿ, ರೋಮಿಯೋ ಎಂಬ ನಾಯಿಗಳ ಮಾತನ್ನು ಅವರು ಹೆಮ್ಮೆಯಿಂದ ಎತ್ತಿದರು. ಹೆದರಿದ ಪ್ರಾಣಿ ಆ ಕಲ್ಲುರಾಶಿಯ ಮೇಲೆ ಹತ್ತಲಾರದು.

ಹಾಗಾದರೆ ಎಲ್ಲೆ ಹಾಕುವುದು ಹೇಗೆ? ನೋವಿನಿಂದಲ್ಲ, ಲಾಭವನ್ನು ನಿಲ್ಲಿಸುವುದರಿಂದ. ನಾಯಿ ನೆಗೆದರೆ ಮುಖ ತಿರುಗಿಸಿ ನಿಲ್ಲುವುದು. ಹಗ್ಗ ಎಳೆದರೆ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡದಿರುವುದು. ಆಟದಲ್ಲಿ ಹಲ್ಲು ತಗಲಿದರೆ ಆಟವನ್ನೇ ಮುಗಿಸುವುದು. ನಮ್ಮ ಹೋಟೆಲಿಗರಿಗೆ ಇದು ತಿಳಿಯದ್ದೇನಲ್ಲ. ತಿಂಗಳಾದರೂ ಖಾತೆ ತೀರಿಸದವನ ಜತೆ ಜಗಳವಾಡುವ ಗಲ್ಲಾದವನಿಗಿಂತ, ನಗುನಗುತ್ತಲೇ ಉದ್ರಿಯನ್ನು ನಿಲ್ಲಿಸುವವನಿಗೆ ಬಾಕಿ ಬೇಗ ಬರುತ್ತದೆ. ಆದರೆ ಒಂದು ದಿನ ನಿಲ್ಲಿಸಿ ಮರುದಿನ ಕೊಡಕೂಡದು. ಹತ್ತು ಸಲ ಮುಖ ತಿರುಗಿಸಿ ಹನ್ನೊಂದನೆಯ ಸಲ ಮುದ್ದಿಸಿದರೆ, ಹನ್ನೊಂದು ಸಲ ನೆಗೆಯಬೇಕೆಂಬುದನ್ನೇ ನಾಯಿ ಕಲಿಯುತ್ತದೆ.

ಹೊಡೆತ ಏಕೆ ವಿಫಲವಾಗುತ್ತದೆ? ಮೊದಲನೆಯದು ವೇಳೆ. “ನಾಯಿಗೆ ಈಗ ಅಂಬೋದು ಒಂದೇ ಗೊತ್ತರೀ” ಎಂದರು ಮಾಸ್ತರರು. ಮಧ್ಯಾಹ್ನ ಚಪ್ಪಲಿ ಕಡಿದ ನಾಯಿಗೆ ಸಂಜೆ ಕಚೇರಿಯಿಂದ ಬಂದು ಹೊಡೆದರೆ, ಯಜಮಾನ ಮನೆಗೆ ಬಂದಾಗ ಪೆಟ್ಟು ಬೀಳುತ್ತದೆಂಬುದನ್ನಲ್ಲದೆ ಬೇರೇನನ್ನೂ ಅದು ತಿಳಿಯದು. ಅದು ತಲೆತಗ್ಗಿಸಿ ಮೂಲೆ ಸೇರುವುದನ್ನು ಕಂಡು ನಾವು, ತಪ್ಪಿನ ಅರಿವಾಯಿತೆಂದು ಸಂತೋಷಪಡುತ್ತೇವೆ. ಅದು ಅರಿವಲ್ಲ, ಭಯ. ಎರಡನೆಯದು ಇನ್ನೂ ಘೋರ. ನಾಯಿಯ ಗುರುಗುಟ್ಟುವಿಕೆಯು ಒಂದು ಎಚ್ಚರಿಕೆ. ಹತ್ತಿರ ಬರಬೇಡ, ನನಗೆ ಹೆದರಿಕೆಯಾಗಿದೆ, ಎಂಬ ಅದರ ಭಾಷೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಹೆದರಿಕೆ ಹೋಗುವುದಿಲ್ಲ, ಗುರುಗುಟ್ಟುವುದಷ್ಟೇ ನಿಲ್ಲುತ್ತದೆ. ಆಮೇಲೆ ಆ ನಾಯಿ ಹೇಳದೆ ಕೇಳದೆ ಕಚ್ಚುತ್ತದೆ.

ಇದು ನಮಗೆ ಪುಸ್ತಕದಿಂದ ತಿಳಿದದ್ದಲ್ಲ.

ಮಲ್ಕಾಜ್‌ಗಿರಿಯಲ್ಲಿ ನಾವು ಹದಿನಾಲ್ಕು ವರ್ಷ ಹೋಟೆಲು ನಡೆಸಿದೆವು. ಹಿತ್ತಲಿನಲ್ಲಿ ಸೌದೆ, ಗ್ಯಾಸಿನ ಸಿಲಿಂಡರು, ಎಣ್ಣೆಯ ಡಬ್ಬ ಇರುತ್ತಿದ್ದುದರಿಂದ ಕಾವಲಿಗೆಂದು ಒಂದು ನಾಟಿ ನಾಯಿಯನ್ನು ಸಾಕಿದ್ದೆವು. ರಾಜು ಎಂದು ಹೆಸರು. ಹಗಲೆಲ್ಲ ಪಾತ್ರೆ ತೊಳೆಯುವ ಕಟ್ಟೆಯ ಪಕ್ಕದ ಕಂಬಕ್ಕೆ ಮೂರು ಅಡಿ ಸರಪಳಿ. ರಾತ್ರಿ ಬಾಗಿಲು ಹಾಕಿದ ಮೇಲೆ ಬಿಡುಗಡೆ. ಮುಸುರೆಯ ಅನ್ನವೇ ಅದರ ಊಟ. ಒಮ್ಮೆ ಅಡಿಗೆಮನೆಗೆ ನುಗ್ಗಿದ್ದಕ್ಕೆ ಭಟ್ಟರ ಕೈಯ ಸಟ್ಟುಗವನ್ನು ಕಿತ್ತು ನಾವೇ ಹೊಡೆದೆವು. ಯಾರಾದರೂ ಹತ್ತಿರ ಸುಳಿದರೆ ಗುರುಗುಟ್ಟುತ್ತಿತ್ತು. ಗಿರಾಕಿಗಳಿಗೆ ಕೇಳಿಸುತ್ತದೆಂದು ಅದಕ್ಕೂ ಹೊಡೆದೆವು. ಒಂದೆರಡು ತಿಂಗಳಲ್ಲಿ ಗುರುಗುಟ್ಟುವುದನ್ನು ಬಿಟ್ಟಿತು. ನಾಯಿ ಸುಧಾರಿಸಿತು, ದಂಡಂ ದಶಗುಣಂ ಎಂದು ಗಲ್ಲಾದ ಮೇಲೆ ಕುಳಿತು ನಾವು ಹೇಳಿಕೊಂಡದ್ದುಂಟು.

ಕುಂದಾಪುರದ ಕಡೆಯಿಂದ ಆಗಷ್ಟೇ ಬಂದಿದ್ದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಪಾತ್ರೆಯ ಕಟ್ಟೆಗೆ ಸೇರಿಕೊಂಡಿದ್ದ. ಒಂದು ಸಂಜೆ, ಸರಪಳಿಯ ಬಳಿಗೆ ಉರುಳಿಹೋದ ಲೋಟವನ್ನು ಎತ್ತಿಕೊಳ್ಳಲು ಬಗ್ಗಿದ. ರಾಜು ಒಂದು ಶಬ್ದವನ್ನೂ ಮಾಡದೆ ಅವನ ಬಲಗೈಯನ್ನು ಹಿಡಿಯಿತು. ಬಿಡಿಸುವಷ್ಟರಲ್ಲಿ ಅಂಗೈಯ ಅಂಚು ಹರಿದಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು, ಸೂಜಿ ಹಾಕಿಸಿದೆವು. ಆಮೇಲೆ ಆ ಸೂಜಿಗಾಗಿ ಅವನು ಮತ್ತೆ ಮತ್ತೆ ಹೋಗಬೇಕಾಯಿತು. ತಿಂಗಳ ಕೊನೆಯಲ್ಲಿ ಲೆಕ್ಕ ಮಾಡುವಾಗ ಆ ದಿನಗಳ ಪೈಕಿ ಎರಡು ದಿನದ ಸಂಬಳವನ್ನು ನಾವು ಹಿಡಿದುಕೊಂಡೆವು. ಅವನು ಎಣಿಸಿ ನೋಡಿ, “ಎರಡು ದಿನದ್ದು ಕಮ್ಮಿ ಉಂಟಲ್ಲ ಅಣ್ಣ” ಎಂದ. ನಾವು ಉತ್ತರ ಕೊಡಲಿಲ್ಲ. ಮತ್ತೊಂದು ತಿಂಗಳಿಗೆ ಬೇರೆ ಹೋಟೆಲು ಸೇರಿದ. ರಾಜುವನ್ನು ಯಾರೋ ಲಾರಿಯವನು ತನ್ನ ಗೋದಾಮಿಗೆಂದು ಕೊಂಡೊಯ್ದ.

ನಾಯಿಗೆ ಹೊಡೆಯಲು ನಮಗೆ ಕಲಿಸಿದವರು ಯಾರು? ನಾವೂ ಹಾಗೆಯೇ ಕಲಿತವರು. ಎಸ್.ಎಸ್.ಎಲ್.ಸಿ. ಮುಗಿಸಿ ಸಿಕಂದರಾಬಾದಿಗೆ ಬಂದಿಳಿದ ಮೊದಲ ವಾರದಲ್ಲಿ, ಮೂರು ಕಾಫಿಯ ಬದಲು ಎರಡು ತಂದಿಟ್ಟದ್ದಕ್ಕೆ ಬಿದ್ದ ಏಟು ಇಂದೂ ನೆನಪಿದೆ. ಆ ಏಟಿನಿಂದ ನಾವು ಕಾಫಿಯ ಲೆಕ್ಕವನ್ನು ಕಲಿಯಲಿಲ್ಲ. ಹೊಡೆಯುವವರು ಎಲ್ಲಿ ನಿಂತಿದ್ದಾರೆಂದು ನೋಡಿಕೊಂಡು ಓಡಾಡುವುದನ್ನು ಕಲಿತೆವು. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ವಿದ್ಯಾಭ್ಯಾಸ. ಕನ್ನಡದಲ್ಲಿ ಅದೇ ಮಾತು ಶಿಕ್ಷೆಯಾಗಿ ಜೈಲನ್ನು ಸೇರಿತು. ಈ ಸ್ಥಿತ್ಯಂತರದಲ್ಲಿ ನಮ್ಮ ಶಾಲೆಗಳ ಪಾಲೆಷ್ಟು, ಹೋಟೆಲುಗಳ ಪಾಲೆಷ್ಟು ಎಂಬುದನ್ನು ಪಂಡಿತರು ಹೇಳಬೇಕು.

ಕಾಯಿದೆಯ ಮಾತನ್ನೂ ತಿಳಿದಿರುವುದು ಒಳ್ಳೆಯದು. ಪ್ರಾಣಿಗಳಿಗೆ ಹಿಂಸೆಯನ್ನು ತಡೆಯುವ 1960ರ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಪ್ರಾಣಿಯನ್ನು ಹೊಡೆದು ಹಿಂಸಿಸುವುದು ಮಾತ್ರವಲ್ಲ, ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ವಿಪರೀತ ಕಾಲ ಕಟ್ಟಿಹಾಕುವುದೂ ಅಪರಾಧ. ನಮ್ಮ ಮೂರು ಅಡಿಯ ಸರಪಳಿ ಅದರಲ್ಲಿ ಸೇರುತ್ತಿತ್ತೆಂಬುದು ನಮಗೆ ಆಗ ತಿಳಿದಿರಲಿಲ್ಲ. ತನ್ನ ಪ್ರಾಣಿಯಿಂದ ಮನುಷ್ಯನಿಗೆ ಅಪಾಯವಾಗದಂತೆ ತಕ್ಕ ಜಾಗ್ರತೆ ವಹಿಸದ ಮಾಲಕನಿಗೆ, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪೊಟ್ಟಣ ಹೊತ್ತು ಹೋಗುವ ನಮ್ಮ ಹುಡುಗರು ಈ ಕಲಮಿನ ಸಂಖ್ಯೆಯನ್ನು ನೆನಪಿಡಲಿ.

ಆ ಹುಡುಗರಿಗೆ ಮಾಸ್ತರರು ಹೇಳಿಕೊಟ್ಟದ್ದು ಇನ್ನೂ ಕೆಲವುಂಟು. ನಾಯಿ ಇರುವ ಮನೆಯೆಂದು ತಿಳಿದರೆ, ಅದನ್ನು ಕಟ್ಟಿದ ಮೇಲೆಯೇ ಬಾಗಿಲು ತೆಗೆಯುವಂತೆ ಮೊದಲೇ ಫೋನು ಮಾಡಿ ಕೇಳಬೇಕು, ಕೇಳುವುದು ಅಪಮಾನವಲ್ಲ. ಸಡಿಲ ನಾಯಿ ಎದುರಾದರೆ ಓಡಕೂಡದು, ಕೂಗಕೂಡದು, ಅದರ ಕಣ್ಣನ್ನು ದಿಟ್ಟಿಸಕೂಡದು. ಪಕ್ಕಕ್ಕೆ ತಿರುಗಿ, ಪೊಟ್ಟಣದ ಚೀಲವನ್ನು ನಡುವೆ ಹಿಡಿದು, ಮೆಲ್ಲನೆ ಹಿಂದೆ ಸರಿಯಬೇಕು. ಚೀಲವನ್ನು ಕಚ್ಚಿದರೆ ಬಿಟ್ಟುಬಿಡಬೇಕು. ಊಟದ ಬೆಲೆಯನ್ನು ಯಾರಾದರೂ ಕೊಟ್ಟಾರು. ಕಚ್ಚಿಯೇ ಬಿಟ್ಟರೆ ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚುವುದು ಕೂಡದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾರಾಯಣಗುಡದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆಯಲ್ಲಿಯೂ ನಲ್ಲಕುಂಟದ ಫೀವರ್ ಆಸ್ಪತ್ರೆಯಲ್ಲಿಯೂ ಹುಚ್ಚುನಾಯಿ ರೋಗದ ಸೂಜಿ ಹಾಕುತ್ತಾರೆ. ವೈದ್ಯರು ಹೇಳಿದ ಸೂಜಿಗಳಲ್ಲಿ ಒಂದನ್ನೂ ತಪ್ಪಿಸಬಾರದು, ಏಕೆಂದರೆ ಆ ರೋಗ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆ ದಿನಗಳ ಸಂಬಳವನ್ನು ಯಾವ ಹೋಟೆಲಿನ ಯಜಮಾನರೂ ಮುರಿಯಬಾರದೆಂದು ನಮ್ಮ ಪ್ರಾರ್ಥನೆ. ಪ್ರಾರ್ಥಿಸುವ ಅರ್ಹತೆ ನಮಗೆಷ್ಟಿದೆಯೆಂದು ಮೇಲೆ ಬರೆದಿದ್ದೇವೆ.

ಆನಂದಬಾಗಿನ ಗುಮಾಸ್ತರಿಗೆ ನಾವು ಕೊಟ್ಟ ಉತ್ತರ ಚಿಕ್ಕದು: ಹದಿನೈದು ದಿನದ ಭರವಸೆಯವರು ಬೇಡ, ಗದರಲೇಕೂಡದೆಂಬವರಿಗೂ ಅಷ್ಟು ಹಣ ಕೊಡುವ ಅಗತ್ಯವಿಲ್ಲ, ಭಾನುವಾರ ನಾಯಿಯೊಡನೆ ಮಗಳನ್ನೂ ಕರೆದುಕೊಂಡು ಮೈದಾನಕ್ಕೆ ಬನ್ನಿ. ಮಾಸ್ತರರು ಅವರಿಂದ ಪಡೆದದ್ದು ಸಾಧಾರಣ ಶುಲ್ಕ. ಮನೆಯ ಯಜಮಾನರ ಬಳಿಗೆ ನಾವೇ ಹೋಗಿ ಮಾತನಾಡಿದ ಮೇಲೆ, ಮೂರು ತಿಂಗಳ ಅವಧಿ ದೊರೆಯಿತು. ನಾಯಿಗೆ ಪಾಲಿಕೆಯ ಪರವಾನಗಿ ಮಾಡಿಸಬೇಕು, ಪ್ರತಿವರ್ಷ ಸೂಜಿ ಹಾಕಿಸಬೇಕು, ಮೆಟ್ಟಿಲಿನಲ್ಲಿ ಒಯ್ಯುವಾಗ ಹಗ್ಗ ಬಿಚ್ಚಕೂಡದು, ಮೊದಮೊದಲು ಬಾಯಿಕುಕ್ಕೆಯನ್ನೂ ತೊಡಿಸಬೇಕು, ಎಂಬ ಕರಾರು. ಇವೆಲ್ಲ ನ್ಯಾಯವಾದ ಕರಾರುಗಳೇ.

ಕಳೆದ ವಾರ ಅವರ ಮನೆಗೆ ಹೋಗಿದ್ದೆವು. ಬಾಗಿಲು ತಟ್ಟಿದಾಗ ಒಳಗೆ ಭಾರಿ ಸದ್ದಾಯಿತು. ಅನಂತರ ಮಗಳ ಧ್ವನಿ, ‘ಕೂತ್ಕೋ’. ಬಾಗಿಲು ಅರ್ಧ ತೆರೆಯಿತು, ನಾಯಿ ಎದ್ದಿತು, ಬಾಗಿಲು ಮುಚ್ಚಿತು. ಹೀಗೆ ಮೂರು ಸಲವಾಯಿತು. ನಾಲ್ಕನೆಯ ಸಲ ಪೂರ್ತಿ ತೆರೆದಾಗ, ಆ ಮಹಾಕಾಯ ಬಾಲದಿಂದ ನೆಲ ಗುಡಿಸುತ್ತ, ಮೈಯೆಲ್ಲ ನಡುಗಿಸುತ್ತ, ಕುಳಿತೇ ಇದ್ದಿತು. ಕಾಫಿ ಬಂತು. ಹೊರಡುವ ಹೊತ್ತಿಗೆ ಗುಮಾಸ್ತರು ಸಂಕೋಚದಿಂದ, ಚಪ್ಪಲಿಯ ಪಾಠ ಇನ್ನೂ ಆರಂಭವಾಗಿಲ್ಲವೆಂದು ಹೇಳಿ, ನಮ್ಮದನ್ನು ಕಪಾಟಿನ ಮೇಲಿನಿಂದ ಇಳಿಸಿಕೊಟ್ಟರು.